ಪಿನ್ನು ತೆಗೆದ ಹನ್ನೊಂದು ಮುಖಗಳು

ನನ್ನ ನಾಲಿಗೆಯ ತುದಿಗೆ ಕಪ್ಪು ಬಣ್ಣದ ರುಚಿ ಇವತ್ತಿಗೂ ನೆನಪಿದೆ. ಸ್ವಲ್ಪ ಗೋಂದಿನ ಸಿಹಿ, ಸ್ವಲ್ಪ ಮಸಿಯ ಒಗರು. ಜಯನಗರ ನಾಲ್ಕನೇ ಬ್ಲಾಕಿನ ಒಂದು ಫೋಟೋ ಸ್ಟುಡಿಯೋದಲ್ಲಿ ಏಳು ವರ್ಷ ಟಚಿಂಗ್ ಕೆಲಸ ಮಾಡಿದವಳು ನಾನು. ಕಡ್ಡಿಯಷ್ಟು ಸಣ್ಣ ಕುಂಚವನ್ನು ಬಣ್ಣಕ್ಕೆ ಅದ್ದಿ, ಅದರ ತುದಿ ಚೂಪಾಗಲೆಂದು ನಾಲಿಗೆಗೆ ತಾಗಿಸಿ, ಫೋಟೋದ ಮೇಲಿನ ಬಿಳಿ ಚುಕ್ಕೆಗೆ ಇಡಬೇಕು. ಮನೆಗೆ ಬಂದು ಎರಡು ಲೋಟ ಕಾಫಿ ಕುಡಿದರೂ ಆ ರುಚಿ ಹೋಗುತ್ತಿರಲಿಲ್ಲ. ಈಗ ಫೋನಿನ ಮೇಲೆ ಬೆರಳು ಎಳೆದರೆ ಕೆನ್ನೆ ನುಣ್ಣಗಾಗುತ್ತದೆ. ಎಳೆಯುವವರನ್ನು ನೋಡಿದರೆ ನನಗೆ ಸಣ್ಣ ಹೊಟ್ಟೆಕಿಚ್ಚು. ನಾವು ಅದೇ ಕೆಲಸಕ್ಕೆ ಕಣ್ಣು ಸವೆಸಿಕೊಂಡವರು.

ಎಂಬತ್ತರ ದಶಕದ ಶುರುವಿನ ಮಾತು. ಸ್ಟುಡಿಯೋ ಇದ್ದದ್ದು ಶಾಪಿಂಗ್ ಕಾಂಪ್ಲೆಕ್ಸಿಗೆ ಹತ್ತಿರದ ಒಂದು ರಸ್ತೆಯಲ್ಲಿ, ಮಹಡಿಯ ಮೇಲೆ. ಕೆಳಗೆ ಕಾಫಿಪುಡಿ ಅಂಗಡಿ. ಅರ್ಧ ಮೆಟ್ಟಿಲು ಹತ್ತುವ ತನಕ ಹುರಿದ ಬೀಜದ ಘಮ, ಅಲ್ಲಿಂದ ಮೇಲಕ್ಕೆ ಕತ್ತಲ ಕೋಣೆಯಲ್ಲಿ ಫೋಟೋ ತೊಳೆಯುವ ಹೈಪೋದ ವಾಸನೆ. ಒಳಗೆ ಒಂದು ಬಣ್ಣದ ಪರದೆ. ಅದರಲ್ಲಿ ಎಲ್ಲಿಗೂ ಹೋಗದ ಮೆಟ್ಟಿಲು, ಎರಡು ಕಂಬ, ಹಂಸ ತೇಲುವ ಕೊಳ. ಜಯನಗರದ ಎಷ್ಟೋ ಮದುವೆಗಳು ಆ ಕೊಳದ ಮುಂದೆ ಶುರುವಾದವು. ಹುಡುಗಿಯನ್ನು ಅಲ್ಲಿ ನಿಲ್ಲಿಸಿ, ಕೈಗೆ ಪ್ಲಾಸ್ಟಿಕ್ ಹೂವು ಕೊಟ್ಟು ಫೋಟೋ ತೆಗೆದು, ಜಾತಕದ ಜೊತೆ ಗಂಡಿನ ಮನೆಗೆ ಕಳಿಸುತ್ತಿದ್ದರು.

ಮಾಲೀಕರಿಗೆ ಅರವತ್ತರ ಹತ್ತಿರ. ಬಿಳಿ ಅರ್ಧತೋಳಿನ ಶರ್ಟು, ಮೂಗಿನ ತುದಿಯಲ್ಲಿ ಕನ್ನಡಕ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ, ಟೈಪಿಂಗ್ ಕಲಿತು, ಎಲ್ಲೂ ಕೆಲಸ ಸಿಗದೆ ಕೂತಿದ್ದಾಗ ನನ್ನ ಚಿತ್ರದ ಪುಸ್ತಕ ನೋಡಿ ಕರೆದವರು ಅವರೇ. ಬೆಳಕು ಚೆನ್ನಾಗಿ ಬರುವ ಕಿಟಕಿಯ ಪಕ್ಕ ಒಂದು ಓರೆ ಮೇಜು ಕೊಟ್ಟರು. ಮೇಜಿನ ಮಧ್ಯೆ ಮಸುಕು ಗಾಜು, ಅದರ ಕೆಳಗೆ ಬೆಳಕನ್ನು ಮೇಲಕ್ಕೆ ಕಳಿಸುವ ಕನ್ನಡಿ. ನೆಗೆಟಿವನ್ನು ಗಾಜಿನ ಮೇಲಿಟ್ಟು, ಮರಳುಕಾಗದದಲ್ಲಿ ಸೂಜಿಯಂತೆ ಮಸೆದ ಪೆನ್ಸಿಲ್ಲಿನಿಂದ ಚುಕ್ಕೆ ಚುಕ್ಕೆಯಾಗಿ ತುಂಬಬೇಕು. ಮೊಡವೆ, ಕಲೆ, ಕಣ್ಣಿನ ಕೆಳಗಿನ ಕಪ್ಪು, ಏನೇ ಇರಲಿ, ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿದರೆ ಪ್ರಿಂಟಿನಲ್ಲಿ ಅದು ಮಾಯ. ಬೆಳ್ಳಗೆ ಹೊಳೆಯುವಂಥದ್ದು ಇದ್ದರೆ ಮಾತ್ರ ಪ್ರಿಂಟಿನ ಮೇಲೆಯೇ ಕುಂಚದಿಂದ ಮುಚ್ಚಬೇಕು. ಇಷ್ಟೇ ವಿದ್ಯೆ. ಆದರೆ ಕೈ ಕೂರಲು ಎರಡು ವರ್ಷ ಬೇಕಾಯಿತು.

ಕಲಿತ ಮೊದಲ ಪಾಠ ಪಿನ್ನಿನದು. ನಮ್ಮ ಕಡೆಯ ಹೆಂಗಸರಿಗೆ ಪಿನ್ನಿಲ್ಲದೆ ಒಂದು ದಿನ ಕಳೆಯುವುದಿಲ್ಲ. ಸೆರಗಿಗೊಂದು, ನೆರಿಗೆಗೊಂದು, ಇರಲಿ ಅಂತ ಬಳೆಗೆ ನಾಲ್ಕು. ನಮ್ಮಮ್ಮನ ಬಳೆಯಲ್ಲಂತೂ ಗೊಂಚಲೇ ಇರುತ್ತಿತ್ತು. ಅವಳು ದೋಸೆ ಹುಯ್ದರೆ ಬಳೆಗಿಂತ ಪಿನ್ನಿನ ಸದ್ದೇ ಹೆಚ್ಚು. ಸ್ಟುಡಿಯೋದ ದೊಡ್ಡ ದೀಪ ಬಿದ್ದ ಕೂಡಲೇ ಈ ಪಿನ್ನುಗಳು ನಕ್ಷತ್ರದಂತೆ ಹೊಳೆಯುತ್ತಿದ್ದವು. ಒಮ್ಮೆ ಗಂಡಿನ ತಾಯಿಯೊಬ್ಬರು ಹುಡುಗಿಯ ಸರದಲ್ಲಿ ತೂಗುತ್ತಿದ್ದ ಪಿನ್ನನ್ನು ಫೋಟೋದಲ್ಲಿ ಕಂಡು, ‘ಇಷ್ಟು ಅಶ್ರದ್ಧೆಯ ಹುಡುಗಿ ಬೇಡ’ ಎಂದುಬಿಟ್ಟರಂತೆ. ಅವತ್ತಿನಿಂದ ಮಾಲೀಕರದು ಒಂದೇ ಮಂತ್ರ. ‘ನೋಡಮ್ಮ, ಪಿನ್ ಕಂಡ್ರೆ ತೆಗೀಬೇಕು. ಕೇಳೋಕೆ ಬರ್ಬೇಡ. ತೆಗೀತಾ ಇರು.’ ತೆಗೆಯುತ್ತಾ ಇದ್ದೆ. ಎಷ್ಟು ಪಿನ್ನು ಮುಚ್ಚಿದ್ದೇನೋ, ಲೆಕ್ಕವಿಟ್ಟವರಿಲ್ಲ.

ಇನ್ನು ನನ್ನ ಮುಖದ ವಿಷಯ. ಎಡಗಣ್ಣಿನ ಕೆಳಗಿನಿಂದ ದವಡೆಯ ತನಕ ನನಗೊಂದು ಹುಟ್ಟುಮಚ್ಚೆ ಇದೆ. ನೇರಳೆ ಹಣ್ಣು ತಿಂದು ಅದೇ ಕೈಯಲ್ಲಿ ಕೆನ್ನೆ ಒರೆಸಿಕೊಂಡ ಹಾಗೆ. ಬಸ್ಸಿನಲ್ಲಿ ಮಕ್ಕಳು ಬೆರಳು ತೋರಿಸುತ್ತಿದ್ದರು, ದೊಡ್ಡವರು ತೋರಿಸದೆ ನೋಡುತ್ತಿದ್ದರು. ನನಗೆ ಮೂಗಿನ ತುದಿಯಲ್ಲೇ ಕೋಪ. ಆದರೆ ಈ ವಿಷಯದಲ್ಲಿ ಬಾಯಿ ಬರುತ್ತಿರಲಿಲ್ಲ. ಗಂಡಿನ ಮನೆಗೆ ಕಳಿಸುವ ನನ್ನ ಫೋಟೋ ತೆಗೆಸುವ ದಿನ ಅಮ್ಮ ಮನೆಯಲ್ಲೇ ಮೂರು ಸಲ ಪೌಡರ್ ಹಚ್ಚಿದಳು. ಮಾಲೀಕರು ಬಲಗೆನ್ನೆ ಮುಂದೆ ಬರುವಂತೆ ತಿರುಗಿಸಿ ನಿಲ್ಲಿಸಿದರು. ಆದರೂ ಉಳಿದ ಕಪ್ಪನ್ನು ತೆಗೆಯಲು ನೆಗೆಟಿವ್ ಯಾರ ಮೇಜಿಗೆ ಬಂತು? ನನ್ನ ಮೇಜಿಗೇ. ಇಡೀ ಒಂದು ಮಧ್ಯಾಹ್ನ ನನ್ನ ಕೆನ್ನೆಯ ಮೇಲೆ ನಾನೇ ಪೆನ್ಸಿಲ್ ಆಡಿಸಿದೆ. ಪ್ರಿಂಟ್ ಬಂದಾಗ ಮಾಲೀಕರು, ‘ನಿನ್ನ ಕೈಯಲ್ಲಿ ಇದೇ ಬೆಸ್ಟ್ ವರ್ಕು’ ಅಂದರು. ಹೌದು, ಬಹಳ ಚೆನ್ನಾಗಿತ್ತು. ಅದರಲ್ಲಿದ್ದ ಹುಡುಗಿಯನ್ನು ನಾನು ಎಲ್ಲೂ ನೋಡಿರಲಿಲ್ಲ, ಅಷ್ಟೆ.

ಆ ಫೋಟೋ ನೋಡಿ ಮೂರು ಮನೆಯವರು ಬಂದರು. ಉಪ್ಪಿಟ್ಟು, ಕೇಸರಿಬಾತು ತಿಂದರು. ಕೆನ್ನೆ ನೋಡಿದರು, ಫೋಟೋ ನೆನೆಸಿಕೊಂಡರು, ಮತ್ತೆ ಕೆನ್ನೆ ನೋಡಿದರು. ‘ಊರಿಗೆ ಹೋಗಿ ಕಾಗದ ಬರೀತೀವಿ’ ಎಂದು ಎದ್ದರು. ಒಬ್ಬರಂತೂ ಇಲ್ಲೇ ಪಕ್ಕದ ವಿಲ್ಸನ್ ಗಾರ್ಡನ್ನಿನಿಂದ ಬಂದವರು. ಅಲ್ಲಿಗೆ ಹೋಗಿ ಕಾಗದ ಬರೆಯುವಷ್ಟು ದೂರ ಏನಿತ್ತೋ.

ನಾಲ್ಕನೆಯದು ಪದ್ಮನಾಭನಗರದ ಸಂಬಂಧ. ಆಗ ಅಲ್ಲಿ ಅರ್ಧ ಕಟ್ಟಿದ ಮನೆಗಳು, ಮಧ್ಯೆ ಮಧ್ಯೆ ಖಾಲಿ ಸೈಟು. ಅಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಅವರ ಜೊತೆ ಕೆಲಸ ಮಾಡುವವರೊಬ್ಬರು ಹೇಳಿದ ಹುಡುಗ, ಬ್ಯಾಂಕಿನಲ್ಲಿದ್ದ. ಅಮ್ಮನಿಗೆ ಈ ಸಲ ಏನೋ ನಂಬಿಕೆ ಬಂದುಬಿಟ್ಟಿತ್ತು. ಯಡಿಯೂರು ಕೆರೆಯ ಹತ್ತಿರದ ನಮ್ಮ ಬಾಡಿಗೆ ಮನೆಯ ಮುಂಬಾಗಿಲಿಗೆ ಹೊಸ ಪರದೆ ಹೊಲಿದಳು. ಫೋಟೋದ ಪ್ರತಿಗಳು ಮುಗಿದಿದ್ದವು. ಸೋಮವಾರ ಬೆಳಿಗ್ಗೆ ಅಪ್ಪ ಚಪ್ಪಲಿ ಮೆಟ್ಟುತ್ತಾ, ‘ಪುಟ್ಟಾ, ಶನಿವಾರದೊಳಗೆ ಇನ್ನೊಂದು ಪ್ರಿಂಟ್ ತಗೊಂಡ್ಬಾ. ಜಾತಕದ ಜೊತೆ ಕಳಿಸ್ಬೇಕು’ ಅಂದರು. ಸರಿ ಅಂದೆ. ಮತ್ತೊಂದು ಉಪ್ಪಿಟ್ಟಿನ ಸಂಜೆ ಮಾತ್ರ ಕಣ್ಣಿಗೆ ಕಟ್ಟಿತು. ಆಗಲೇ ಭಯ, ಆಗಲೇ ಆಸೆ.

ಅದಕ್ಕೆ ಹತ್ತು ದಿನ ಮುಂಚೆ ಸ್ಟುಡಿಯೋಕ್ಕೆ ಟೈ ಕಟ್ಟಿದ ಒಬ್ಬರು ಬಂದಿದ್ದರು. ಊರಿನ ಮಧ್ಯದ ಒಂದು ವಿದೇಶಿ ಲೈಬ್ರರಿಯಲ್ಲಿ ಕೆಲಸ, ಮನೆ ಜಯನಗರದಲ್ಲೇ. ಆ ಲೈಬ್ರರಿಯವರ ದೇಶದಿಂದ ಹಡಗಿನಲ್ಲಿ ಬಂದ ಫೋಟೋಗಳ ಪೆಟ್ಟಿಗೆ ದಾರಿಯಲ್ಲಿ ನೆನೆದುಹೋಗಿತ್ತು. ಮ್ಯೂಸಿಯಮ್ಮಿನಲ್ಲಿ ಪ್ರದರ್ಶನ ಇಡಬೇಕು, ಬಹುಪಾಲು ಚೆನ್ನಾಗಿವೆ, ಹನ್ನೊಂದಕ್ಕೆ ಮಾತ್ರ ನೀರಿನ ಕಲೆ, ಬೂಷ್ಟು.

‘ಕಾಪಿ ತೆಗೆದು ಡ್ಯಾಮೇಜ್ ಎಲ್ಲಾ ಕ್ಲೀನ್ ಮಾಡಿಕೊಡಿ ಸಾರ್. ಹೊಸದರ ಥರ ಕಾಣ್ಬೇಕು’ ಅಂದರು.

‘ಯಾರ ಫೋಟೋ ಸಾರ್ ಇವು?’ ಮಾಲೀಕರು ಕೇಳಿದರು.

‘ಲಂಡನ್ ಹುಡುಗ್ರು. ಪಂಕ್ ಅಂತ ಒಂದು ಥರ ಸಂಗೀತ. ನಂಗೂ ಅಷ್ಟಾಗಿ ಗೊತ್ತಿಲ್ಲ. ಶುರುವಾದ ಕಾಲದಲ್ಲಿ ತೆಗೆದಿದ್ದಂತೆ.’

ನಮಗೆ ಅಷ್ಟೂ ಗೊತ್ತಿರಲಿಲ್ಲ. ಸಂಗೀತ ಎಂದರೆ ನನಗೆ ರಾಮನವಮಿಯ ಪೆಂಡಾಲು, ರೇಡಿಯೋದ ಚಿತ್ರಗೀತೆ. ಮೇಜಿನ ಮೇಲೆ ಬಂದ ಫೋಟೋಗಳಲ್ಲಿ ಹಾಡುವವರಿದ್ದರು ನಿಜ. ಆದರೆ ನೆಲಮಾಳಿಗೆಯಂಥ ಜಾಗ, ಬೆವರಿದ ಹುಡುಗರು, ಕೂದಲು ಮುಳ್ಳುಹಂದಿಯಂತೆ ನೆಟ್ಟಗೆ. ಶರ್ಟು ಹರಿದು ಹೆಗಲು ಕಾಣುತ್ತಿತ್ತು. ಹರಿದ ಜಾಗಕ್ಕೆಲ್ಲ ಪಿನ್ನು. ಒಬ್ಬಳು ಹುಡುಗಿ ನನ್ನ ವಯಸ್ಸಿನವಳು, ಕಣ್ಣಿನ ಸುತ್ತ ಗೊತ್ತುಗುರಿಯಿಲ್ಲದೆ ಮೆತ್ತಿದ ಕಪ್ಪು, ಕೆನ್ನೆಯಲ್ಲಿ ಒಂದು ಸೇಫ್ಟಿ ಪಿನ್ನು. ಅದರಿಂದ ಕಿವಿಯ ತನಕ ಸಣ್ಣ ಸರಪಳಿ. ಅವಳು ಕ್ಯಾಮೆರಾವನ್ನು ನೇರವಾಗಿ ನೋಡುತ್ತಿದ್ದಳು. ನಮ್ಮ ಕೊಳದ ಮುಂದೆ ನಿಂತ ಯಾವ ಹುಡುಗಿಯೂ ಹಾಗೆ ನೋಡಿದ್ದಿಲ್ಲ.

ನನಗೆ ಅನಿಸಿದ್ದನ್ನು ಮುಚ್ಚಿಡುವುದಿಲ್ಲ. ಪಾಪ ಅನಿಸಿತು. ಹೊಲಿದುಕೊಡುವವರಿಲ್ಲದ ಮಕ್ಕಳು, ಅಷ್ಟು ದೊಡ್ಡ ದೇಶದಲ್ಲಿ ಒಂದು ಗಟ್ಟಿ ಅಂಗಿಗೆ ಗತಿಯಿಲ್ಲ. ಕೆನ್ನೆಯ ಮೇಲಿನ ಪಿನ್ನನ್ನು ಮಾಲೀಕರಿಗೆ ತೋರಿಸಿದೆ. ಅವರು ಕನ್ನಡಕ ಮೇಲೆತ್ತಿ ನೋಡಿ, ‘ಯಾವನೋ ಕ್ಲರ್ಕು ಫೈಲಿಗೆ ಸೇರಿಸುವಾಗ ಮುಖದ ಮೇಲೇ ಚುಚ್ಚಿದಾನೆ. ಆಮೇಲೆ ಅದನ್ನೇ ಕಾಪಿ ತೆಗ್ದಿದಾರೆ’ ಅಂದರು. ನನಗೂ ಸರಿ ಅನಿಸಿತು. ಕಚೇರಿಗಳಲ್ಲಿ ಅರ್ಜಿಯ ಫೋಟೋಗಳಿಗೆ ಹಾಗೆ ಹಣೆಗೆ ಚುಚ್ಚಿದ್ದನ್ನು ಎಷ್ಟು ನೋಡಿಲ್ಲ. ಸರಪಳಿಯ ಬಗ್ಗೆ, ಉಳಿದ ಪಿನ್ನುಗಳ ಬಗ್ಗೆ ಕೇಳಲೇ ಇಲ್ಲ. ಪಿನ್ ಕಂಡರೆ ತೆಗೆಯಬೇಕು.

ಆರು ದಿನ ಕೂತು ಮಾಡಿದೆ. ನೀರಿನ ಕಲೆ ಹೋಯಿತು, ಬೂಷ್ಟು ಹೋಯಿತು. ಅವುಗಳ ಜೊತೆಗೇ ಕಣ್ಣಿನ ಸುತ್ತಲ ಕಪ್ಪು, ಒಬ್ಬ ಹುಡುಗನ ತುಟಿಯ ಗಾಯ, ಇನ್ನೊಬ್ಬನ ಮೊಡವೆ. ಹರಿದ ಅಂಗಿಗಳನ್ನು ದಾರವಿಲ್ಲದೆ ಹೊಲಿದೆ. ನೆಟ್ಟಗಿದ್ದ ಕೂದಲನ್ನು ಏನೂ ಮಾಡಲಾಗಲಿಲ್ಲ, ಅದೊಂದು ಕೊರಗು ಉಳಿಯಿತು. ಕೊನೆಗೆ ಕುಂಚ ನಾಲಿಗೆಗಿಟ್ಟು ಆ ಹುಡುಗಿಯ ಕೆನ್ನೆಯ ಪಿನ್ನನ್ನು, ಸರಪಳಿಯ ಒಂದೊಂದು ಕೊಂಡಿಯನ್ನು ಮುಚ್ಚಿದೆ. ಮುಗಿದಾಗ ಹನ್ನೊಂದು ಮಂದಿ ಲಕ್ಷಣವಾಗಿ ಕೂತಿದ್ದರು. ಯಾವ ಮನೆಗೆ ಬೇಕಾದರೂ ಜಾತಕದ ಜೊತೆ ಕಳಿಸಬಹುದಿತ್ತು. ಟೈ ಕಟ್ಟಿದವರು ಬಂದು ನೋಡಿ, ‘ಬಹಳ ಚೆನ್ನಾಗಿ ಬಂದಿದೆ. ಮುಂಚೆ ಒಂಥರಾ ಇತ್ತು’ ಎಂದು ಖುಷಿಯಿಂದ ಒಯ್ದರು.

ಅಪ್ಪ ಪ್ರಿಂಟ್ ಕೇಳಿದ ವಾರದಲ್ಲೇ, ಬುಧವಾರ ಬೆಳಿಗ್ಗೆ ಫೋನ್ ಬಂತು. ಶುಕ್ರವಾರ ಪ್ರದರ್ಶನ ಶುರು, ಈಗ ಏನೋ ದೊಡ್ಡ ಗೊಂದಲವಾಗಿದೆ, ಟಚಿಂಗ್ ಮಾಡಿದವರನ್ನೂ ಕರೆದುಕೊಂಡು ಮ್ಯೂಸಿಯಮ್ಮಿಗೆ ಬರಬೇಕಂತೆ. ಮಾಲೀಕರ ಮುಖ ಇಳಿಯಿತು. ಆದರೂ ಸ್ಕೂಟರಿನ ಹಿಂದೆ ನನ್ನನ್ನು ಕೂರಿಸಿಕೊಂಡರೆ ನೋಡಿದವರು ಏನೆಂದಾರು ಅಂತ ಅವರಿಗೆ ಚಿಂತೆ. ‘ನೀನು ಬಸ್ಸಲ್ಲಿ ಬಾಮ್ಮ, ನಾನು ಗಾಡೀಲಿ ಬರ್ತೀನಿ’ ಅಂದರು. ಎರಡು ಬಸ್ಸು ಬದಲಾಯಿಸಿ ಹೋಗುವ ತನಕ ನನಗೆ ಕೆಲಸ ಹೋಯಿತೆಂದೇ ಲೆಕ್ಕ.

ಮ್ಯೂಸಿಯಂ ನಾನು ಶಾಲೆಯಲ್ಲಿದ್ದಾಗ ಸಾಲಾಗಿ ಹೋಗಿ ನೋಡಿದ್ದು. ಅದೇ ತಣ್ಣಗಿನ ಕಲ್ಲಿನ ವಾಸನೆ, ಅವೇ ವೀರಗಲ್ಲುಗಳು, ಮೂಗು ಮುರಿದ ದೇವಿಯರು. ಮೇಲಿನ ಹಾಲಿನಲ್ಲಿ ಫೋಟೋಗಳನ್ನು ಗೋಡೆಗೆ ತೂಗು ಹಾಕಿದ್ದರು. ಮೂಲೆಯ ಟೇಪ್ ರೆಕಾರ್ಡರಿನಲ್ಲಿ ಪರೀಕ್ಷೆಗೆಂದು ಆ ಸಂಗೀತ ಹಾಕಿದ್ದರು. ಅಟ್ಟದಿಂದ ಪಾತ್ರೆಯ ಮೂಟೆ ಜಾರಿ ಬಿದ್ದ ಹಾಗೆ, ಬಿದ್ದ ಪಾತ್ರೆಗಳನ್ನು ಯಾರೋ ಸಿಟ್ಟಿನಿಂದ ಮತ್ತೆ ಒದ್ದ ಹಾಗೆ. ಮಾಲೀಕರು ಕಿವಿಯ ಹತ್ತಿರ ಕೈ ಒಯ್ದು, ಮರ್ಯಾದೆಗೆ ಕೆಳಗಿಳಿಸಿದರು.

ಲೈಬ್ರರಿಯ ಮೇಲಧಿಕಾರಿ ಒಬ್ಬ ವಿದೇಶಿ ಹೆಂಗಸು, ಐವತ್ತರ ಆಸುಪಾಸು. ಕೂಗಾಡಲಿಲ್ಲ. ಒಂದು ಪುಸ್ತಿಕೆ ತೆರೆದು ನಮ್ಮ ಮುಂದೆ ಹಿಡಿದರು. ಅದರಲ್ಲಿ ಅದೇ ಹುಡುಗಿ, ಅಂಚೆಚೀಟಿಗಿಂತ ಸ್ವಲ್ಪ ದೊಡ್ಡದಾಗಿ. ಕೆನ್ನೆಯಲ್ಲಿ ಪಿನ್ನು, ಕಿವಿಗೆ ಸರಪಳಿ. ಪಕ್ಕದಲ್ಲಿ ಗೋಡೆಯ ಮೇಲೆ ನಾನು ಮಾಡಿದ ಹುಡುಗಿ. ಆಕೆ ಇಂಗ್ಲಿಷಿನಲ್ಲಿ ಏನೋ ಕೇಳಿದರು.

‘ಪಿನ್ ಎಲ್ಲಿ ಅಂತ ಕೇಳ್ತಿದಾರೆ’ ಟೈ ಕಟ್ಟಿದವರು ಹೇಳಿದರು. ಅವರ ಟೈ ಸಡಿಲವಾಗಿತ್ತು.

‘ತೆಗ್ದೆ’ ಅಂದೆ.

‘ಯಾಕೆ ಅಂತೆ.’

‘ಡ್ಯಾಮೇಜ್ ತೆಗೀರಿ ಅಂದ್ರಲ್ಲ ಸಾರ್ ನೀವು.’

ಅವರು ಅದನ್ನು ಇಂಗ್ಲಿಷಿಗೆ ತಿರುಗಿಸಿದರು. ಆಕೆ ನಿಧಾನವಾಗಿ, ಮಗುವಿಗೆ ಹೇಳುವಂತೆ, ಪುಸ್ತಿಕೆಯ ಮೇಲೆ ಬೆರಳಿಟ್ಟು ಹೇಳಿದರು. ಅರ್ಧ ನನಗೇ ತಿಳಿಯಿತು. ಉಳಿದದ್ದನ್ನು ಟೈ ಕಟ್ಟಿದವರು ಹೇಳಿದರು. ‘ಅದನ್ನ ಅವಳೇ ಇಷ್ಟಪಟ್ಟು ಚುಚ್ಕೊಂಡಿರೋದಂತೆ ಕಣ್ರೀ. ಬಟ್ಟೆ ಅವ್ರೇ ಹರ್ಕೊಂಡಿರೋದಂತೆ. ಕಣ್ಣಿಗೆ ಕಪ್ಪು ಅವ್ರೇ ಬಳ್ಕೊಂಡಿರೋದು. ನೀರಿನ ಕಲೆ ಮಾತ್ರ ಡ್ಯಾಮೇಜು. ಮಿಕ್ಕಿದ್ದೆಲ್ಲ ಅವರದೇ.’

ಮಾಲೀಕರು ಪುಸ್ತಿಕೆಯನ್ನು ಕಣ್ಣಿನ ಹತ್ತಿರ ಹಿಡಿದು ಮತ್ತೊಮ್ಮೆ ನೋಡಿದರು. ನನಗೆ ನಾಚಿಕೆಯಾಯಿತು. ಹಿಂದೆಯೇ ಕೋಪವೂ ಬಂತು. ಇದೆಂಥ ಕೊಬ್ಬು? ಇದ್ದ ಅಂಗಿ ಹರಿದುಕೊಳ್ಳುವುದು, ಇದ್ದ ಕೆನ್ನೆಗೆ ಚುಚ್ಚಿಕೊಳ್ಳುವುದು. ನುಣ್ಣಗಿನ ಕೆನ್ನೆ ಕೊಟ್ಟರೆ ಬೇಡವೆನ್ನುವವಳ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ‘ನಾಳೆ ಸಂಜೆಯೊಳಗೆ ಸರಿ ಮಾಡಿ ಕೊಡ್ತೀನಿ’ ಎಂದು ಒರಟಾಗಿ ಹೇಳಿದೆ. ಕೆಳಗಿಳಿದು ಬರುವಾಗ ಮೂಗು ಮುರಿದ ದೇವಿಯ ಮುಂದೆ ಒಂದು ನಿಮಿಷ ನಿಂತೆ. ಅವಳ ಮೂಗನ್ನು ಯಾರೂ ಸರಿ ಮಾಡಿರಲಿಲ್ಲ. ಕಾಲ ಕೆಳಗೆ ಚೀಟಿ ಅಂಟಿಸಿ ಹಾಗೇ ಇಟ್ಟಿದ್ದರು.

ಮರುದಿನ ಬೆಳಿಗ್ಗೆಯೇ, ಆಕೆ ಕೊಟ್ಟ ಪುಸ್ತಿಕೆಯನ್ನು ಪಕ್ಕದಲ್ಲಿಟ್ಟುಕೊಂಡು ಮೇಜಿಗೆ ಕೂತೆ. ಪ್ರಿಂಟಿನ ಮೇಲೆ ಕುಂಚದಲ್ಲಿ ಮುಚ್ಚಿದ್ದಕ್ಕೆ ಚಿಂತೆಯಿಲ್ಲ, ಹೊಸದಾಗಿ ಪ್ರಿಂಟ್ ಹಾಕಿದರೆ ಪಿನ್ನುಗಳು ತಾವೇ ಬರುತ್ತವೆ. ನೆಗೆಟಿವ್ ಮೇಲಿನ ಪೆನ್ಸಿಲ್ಲನ್ನು ಟರ್ಪೆಂಟೈನಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಬೇಕು. ಒರೆಸಿದರೆ ಎಲ್ಲವೂ ಹೋಗುತ್ತದೆ. ಕಣ್ಣಿನ ಕಪ್ಪೂ ವಾಪಸ್ಸು, ನೀರಿನ ಕಲೆಯೂ ವಾಪಸ್ಸು. ಆಮೇಲೆ ಕಲೆಯನ್ನಷ್ಟೇ ಮತ್ತೆ ತೆಗೆಯಬೇಕು. ಅಂದರೆ ಒಂದೊಂದು ಗುರುತನ್ನೂ ಕೇಳಬೇಕು, ನೀನು ಹಡಗಿನಲ್ಲಿ ಬಂದದ್ದೋ, ಇವನ ಮುಖದಲ್ಲೇ ಇದ್ದದ್ದೋ. ಅಲ್ಲಿಯ ತನಕ ಆ ಪ್ರಶ್ನೆ ನಾನು ಯಾರ ಮುಖಕ್ಕೂ ಕೇಳಿರಲಿಲ್ಲ. ಹುಡುಗನ ತುಟಿಯ ಗಾಯ ಅವನದು, ಬಿಟ್ಟೆ. ಹಣೆಯ ಮೇಲಿನ ಉಂಗುರದಂಥ ಕಲೆ ನೀರಿನದು, ತೆಗೆದೆ. ಮೊಡವೆ ಅವನದೇ. ಹುಡುಗಿಯ ಗಲ್ಲದ ಕೆಳಗೆ ಒಂದು ಸಣ್ಣ ಕಪ್ಪು ಚುಕ್ಕೆ ಇತ್ತು, ಪುಸ್ತಿಕೆಯಲ್ಲಿ ಅದು ಕಾಣದಷ್ಟು ಸಣ್ಣದು. ಭೂತಗನ್ನಡಿ ಹಿಡಿದು ಎಷ್ಟೋ ಹೊತ್ತು ನೋಡಿದೆ. ಅದರ ಅಂಚು ಮೆತ್ತಗಿತ್ತು, ಚರ್ಮದೊಳಗೆ ಸೇರಿಕೊಂಡಿತ್ತು. ಬೂಷ್ಟಿಗೆ ಅಂಥ ಅಂಚು ಇರುವುದಿಲ್ಲ. ಮಚ್ಚೆ. ನನಗೆ ಗೊತ್ತಾಗದಿದ್ದರೆ ಇನ್ಯಾರಿಗೆ ಗೊತ್ತಾಗಬೇಕು. ಅದನ್ನು ಮುಟ್ಟದೆ ಬಿಟ್ಟೆ.

ಶುಕ್ರವಾರ ಮಾಲೀಕರು ‘ನಾನಂತೂ ಬರಲ್ಲಪ್ಪ ಆ ಗಲಾಟೆಗೆ’ ಎಂದರು. ನಾನೊಬ್ಬಳೇ ಹೋದೆ. ಹಾಲಿನಲ್ಲಿ ಜನ ಸೇರಿದ್ದರು. ಕಾಲೇಜು ಹುಡುಗರ ಒಂದು ಗುಂಪು ಟೇಪ್ ರೆಕಾರ್ಡರಿನ ಪಕ್ಕವೇ ಬೀಡುಬಿಟ್ಟಿತ್ತು. ‘ಸಖತ್ತಾಗಿದೆ ಗುರು’ ಅಂದ ಒಬ್ಬ. ‘ಏನ್ ಸಖತ್ತೋ ಮಗಾ, ನಮ್ಮನೇಲಿ ಹೀಗೆ ಹೋದ್ರೆ ನಮ್ಮಪ್ಪ ಕ್ಷೌರದಂಗಡಿಗೆ ಎಳ್ಕೊಂಡ್ಹೋಗ್ತಾರೆ’ ಅಂದ ಇನ್ನೊಬ್ಬ. ಆ ಹುಡುಗಿಯ ಮುಂದೆ ರೇಷ್ಮೆ ಸೀರೆಯ ಇಬ್ಬರು ಹಿರಿಯರು ನಿಂತಿದ್ದರು. ‘ಅಯ್ಯೋ ಪಾಪ, ನೋವಾಗಲ್ವೇನ್ರೀ’ ಎಂದು ಒಬ್ಬರು ತಮ್ಮ ಕೆನ್ನೆಯನ್ನೇ ಮುಟ್ಟಿಕೊಂಡರು. ಇನ್ನೊಬ್ಬರು, ‘ನೋಡೋ ಥರಾ ನೋಡಿ ಅವಳದು. ನೋವಾದ್ರೂ ನಮಗೆ ಹೇಳೋಳಲ್ಲ’ ಅಂದರು.

ಒಂದು ಗಂಟೆ ಅಲ್ಲಿದ್ದೆ. ಒಬ್ಬರೂ ನನ್ನ ಕೆನ್ನೆ ನೋಡಲಿಲ್ಲ. ಎಲ್ಲರ ಕಣ್ಣೂ ಗೋಡೆಯ ಮೇಲೆ. ಇಷ್ಟು ಜನರ ಮಧ್ಯೆ ಎಡಗೈಯನ್ನು ಕೆನ್ನೆಗೆ ಆನಿಸದೆ, ಸೆರಗು ಎಳೆದುಕೊಳ್ಳದೆ ನಿಂತದ್ದು ನನಗೆ ನೆನಪಿದ್ದ ಮಟ್ಟಿಗೆ ಅದೇ ಮೊದಲು. ಅವಳ ಮೇಲಿನ ಸಿಟ್ಟು ಇಳಿದಿತ್ತು. ಹೊಟ್ಟೆಕಿಚ್ಚು ಉಳಿದಿತ್ತು. ನನ್ನದು ಚುಚ್ಚಿಕೊಂಡದ್ದಲ್ಲ, ಕೇಳದೆ ಬಂದದ್ದು. ರಾತ್ರಿ ಅವಳು ಪಿನ್ನು ಬಿಚ್ಚಿ ಮೇಜಿನ ಮೇಲಿಡಬಹುದು. ನಾನು ಇಡುವ ಹಾಗಿಲ್ಲ. ಆದರೂ ಅವಳ ಹಾಗೆ ನೇರವಾಗಿ ನೋಡುವುದಕ್ಕೆ ಪಿನ್ನೇನೂ ಬೇಕಿಲ್ಲವಲ್ಲ ಅನಿಸಿತು.

ಶನಿವಾರ ಬೆಳಿಗ್ಗೆ ಹಳೆಯ ಲಕೋಟೆಯಿಂದ ನನ್ನ ನೆಗೆಟಿವ್ ತೆಗೆದೆ. ಹತ್ತಿಯನ್ನು ಟರ್ಪೆಂಟೈನಿಗೆ ಅದ್ದಿ ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಿದ್ದೆ. ಇದನ್ನು ಒರೆಸಿದರೆ ಪದ್ಮನಾಭನಗರ ಕೈತಪ್ಪಬಹುದು ಅಂತ ಗೊತ್ತಿತ್ತು. ಒರೆಸದಿದ್ದರೆ ಅವರು ಬರುತ್ತಾರೆ, ಉಪ್ಪಿಟ್ಟು ತಿನ್ನುತ್ತಾರೆ, ನೋಡುತ್ತಾರೆ. ಕೆನ್ನೆಯ ಮೇಲೆ ಎರಡು ಸಲ ಹತ್ತಿ ಎಳೆದೆ. ಒಂದು ಇಡೀ ಮಧ್ಯಾಹ್ನದ ಕೆಲಸ ಬೂದಿಯಾಗಿ ಹತ್ತಿಗೆ ಬಂತು. ಪ್ರಿಂಟ್ ಹಾಕಿಕೊಟ್ಟ ಮಾಲೀಕರು ಅದನ್ನು ಕಿಟಕಿಯ ಬೆಳಕಿನಲ್ಲಿ ನೋಡಿದರು. ಒಣಗಲು ಅದನ್ನು ಅವರೇ ತಂತಿಗೆ ಸಿಕ್ಕಿಸಿದರು.

ಸಂಜೆ ಅಪ್ಪ ಲಕೋಟೆ ತೆರೆದರು. ‘ಇದು ಟಚಿಂಗ್ ಆಗಿಲ್ವಲ್ಲ ಪುಟ್ಟಾ?’

‘ಇಲ್ಲ ಅಪ್ಪ. ಇದನ್ನೇ ಕಳಿಸಿ.’

ಅಮ್ಮ ಅಡುಗೆಮನೆಯಿಂದ ಬಂದು ಇಣುಕಿದಳು. ‘ಬಂದಿರೋ ಸಂಬಂಧಾನ ಕೈಯಾರೆ ಕೆಡಿಸ್ಕೋತಿದೀಯಾ? ಯಾರಿಗೆ ಬುದ್ಧಿ ಹೇಳೋಕೆ ಹೊರಟಿದೀಯಾ ನೀನು?’

‘ಯಾರಿಗೂ ಇಲ್ಲಮ್ಮ. ಬರೋರು ನೋಡ್ಕೊಂಡೇ ಬರ್ಲಿ. ಮನೇಗೆ ಬಂದು ನೋಡೋದು ಬೇಡ.’

ಅಮ್ಮ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಊಟ ಬಡಿಸುವಾಗಲೂ ತಟ್ಟೆಯ ಜೊತೆ ಮಾತಾಡುತ್ತಿದ್ದಳು. ಅಪ್ಪ ಮಾತ್ರ ಸೋಮವಾರ ಲಕೋಟೆಯನ್ನು ಜೇಬಿಗಿಟ್ಟುಕೊಂಡು ಹೋಗಿ ಅಂಚೆಗೆ ಹಾಕಿದರು.

ಎರಡು ವಾರದ ನಂತರ ಅದು ವಾಪಸ್ಸು ಬಂತು. ಒಂದು ಕಾರ್ಡಿನ ಮೇಲೆ ನಾಲ್ಕು ಸಾಲು, ಜಾತಕ ಕೂಡಿಬರಲಿಲ್ಲವಂತೆ. ಅಪ್ಪ ಓದಿ, ಕನ್ನಡಕ ತೆಗೆದು ಒರೆಸಿದರು. ‘ಹೋಗ್ಲಿ. ನಿಮ್ಮಮ್ಮಂಗೆ ಉಪ್ಪಿಟ್ಟು ಮಾಡೋ ಕಷ್ಟ ತಪ್ತು’ ಅಂದರು. ನಗಿಸಲು ಹೇಳಿದ್ದು. ನಾನು ಅತ್ತೆ. ಧೈರ್ಯ ಮಾಡಿದವಳು ಅಳುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸೆರಗು ಒದ್ದೆಯಾಗುವಷ್ಟು ಅತ್ತೆ. ಅವರು ಹೂಂ ಅನ್ನಬಹುದು ಎಂಬ ಆಸೆ ಒಳಗೆಲ್ಲೋ ಇತ್ತೆಂದು ಆಗಲೇ ತಿಳಿದದ್ದು.

ಅಮ್ಮ ಫೋಟೋವನ್ನು ಕೈಗೆ ತೆಗೆದುಕೊಂಡಳು. ಅದನ್ನು ಅವಳು ಸರಿಯಾಗಿ ನೋಡಿದ್ದೇ ಆಗ. ಬೈಯುತ್ತಾಳೆಂದು ಕಾದೆ. ಅವಳು ಹೆಬ್ಬೆರಳಿನಿಂದ ಫೋಟೋದ ಕೆನ್ನೆಯನ್ನು ಮೆಲ್ಲಗೆ ಸವರಿದಳು.

‘ನೀನು ಹುಟ್ಟಿದ ದಿನ ನರ್ಸು ರಕ್ತ ಅಂದ್ಕೊಂಡು ಹತ್ತಿ ತಗೊಂಡು ಇದನ್ನ ಒರೆಸ್ತಾನೇ ಇದ್ಲು’ ಅಂದಳು. ‘ನೀನು ಕಿರುಚ್ತಿದ್ದೆ. ನಾನು ಮಲಗಿದ್ದಲ್ಲಿಂದಾನೇ ಕೂಗ್ದೆ, ಬಿಡಮ್ಮ, ಉಜ್ಜಬೇಡ, ಅದು ಅವಳದೇ ಅಂತ.’ ಹೆಬ್ಬೆರಳು ಇನ್ನೂ ಫೋಟೋದ ಮೇಲೇ ಇತ್ತು. ‘ಆಮೇಲೆ ಪೌಡರ್ ಡಬ್ಬಿ ಹಿಡ್ಕೊಂಡು ಇಷ್ಟು ವರ್ಷ ನಾನೇ ಉಜ್ಜಿದ್ದೀನಿ ನೋಡು.’

ಅಮ್ಮ ಎದ್ದು ಹೋಗಿ ತಾನೇ ಹೊಲಿದ ಮುಂಬಾಗಿಲಿನ ಹೊಸ ಪರದೆಯ ಮುಂದೆ ನಿಂತಳು. ಬಳೆಯಿಂದ ಒಂದು ಪಿನ್ನು ಬಿಚ್ಚಿ, ಫೋಟೋದ ಮೂಲೆಗೆ ಚುಚ್ಚಿ, ಒಳಗೆ ಬರುವವರಿಗೆಲ್ಲ ಮೊದಲು ಕಾಣುವ ಜಾಗದಲ್ಲಿ ಪರದೆಗೆ ಸಿಕ್ಕಿಸಿದಳು. ಹಿಂದೆ ಸರಿದು ನೋಡಿ, ಓರೆಯಾಗಿದೆಯೆಂದು ಬಿಚ್ಚಿ ಇನ್ನೊಮ್ಮೆ ಚುಚ್ಚಿದಳು. ಆಮೇಲೆ ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಗಿ ಒಳಗೆ ಓಡಿದಳು.

ಅದಾದ ಮೇಲೆ ನಮ್ಮ ಮನೆಗೆ ಬಂದವರೆಲ್ಲ ನೋಡಿಯೇ ಬಂದವರು. ಬಂದವರು ಕಡಿಮೆ. ಅವರಲ್ಲೊಬ್ಬರ ಜೊತೆ ಇಷ್ಟು ವರ್ಷ ಜಗಳವಾಡಿಕೊಂಡು ಬಂದಿದ್ದೇನೆ. ಲಂಡನ್ನಿನ ಆ ಹುಡುಗಿಯೂ ಈಗ ನನ್ನಂತೆ ಮಂಡಿ ನೋವಿನವಳಾಗಿರಬೇಕು. ಅಮ್ಮ ಹೋದ ಮೇಲೆ ಆ ಫೋಟೋ ನನ್ನ ಬೀರುವಿಗೆ ಬಂತು. ಮೂಲೆಯಲ್ಲಿ ಪಿನ್ನಿನ ತೂತುಗಳಿವೆ, ಸುತ್ತ ಸ್ವಲ್ಪ ತುಕ್ಕು. ಕುಂಚ, ಬಣ್ಣ ಎರಡೂ ನನ್ನ ಹತ್ತಿರ ಇನ್ನೂ ಇವೆ. ತೂತುಗಳನ್ನು ಹಾಗೇ ಬಿಟ್ಟಿದ್ದೇನೆ.